ಟೋಕಿಯೊದಲ್ಲಿ ಅತ್ತೆಗಿಂತ ಮುಂದೆ

ಕಾರಿನಲ್ಲಿ ಕೂರಿಸಿ ಬೆಲ್ಟು ಬಿಗಿದ ಸಂಸಾರ ಎಲ್ಲಿಗೂ ತಪ್ಪಿಸಿಕೊಂಡು ಹೋಗುವುದಿಲ್ಲ. ಈ ಒಂದು ಧೈರ್ಯದ ಮೇಲೆ ನಾನು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಹತ್ತು ವರ್ಷ ನೆಮ್ಮದಿಯಾಗಿ ಬಾಳಿದ್ದೆ. ಅಲ್ಲಿ ಹಾಲು ತರಲೂ ಕಾರು, ಪಕ್ಕದ ಬೀದಿಯ ಸತ್ಯನಾರಾಯಣ ಪೂಜೆಗೂ ಕಾರು. ಯಾರಾದರೂ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರೆ, ಪಾಪ, ಗಾಡಿ ಕೆಟ್ಟಿರಬೇಕು ಎಂದು ಮರುಗುತ್ತೇವೆ. ನಾನೋ ಹುಟ್ಟಾ ಪುಕ್ಕಲ. ಆಸ್ಟಿನ್‌ಗೆ ಹೊರಟವನು ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅರ್ಧ ದಾರಿಯಿಂದ ವಾಪಸು ಬಂದದ್ದಿದೆ. ಹೆಂಡತಿ ಮಕ್ಕಳು ಕೈಗೆಟಕುವಷ್ಟು ಹತ್ತಿರ ಇದ್ದರೆ ಮಾತ್ರ ನನ್ನ ಎದೆ ಸರಿಯಾಗಿ ಬಡಿಯುತ್ತದೆ. ಇಂಥವನನ್ನು ನನ್ನ ಹೆಂಡತಿ ಸುಧಾ ಟೋಕಿಯೊದ ಶಿಂಜುಕುವಿನಲ್ಲಿ, ಸಂಜೆ ಆಫೀಸುಗಳು ಬಿಡುವ ಹೊತ್ತಿಗೆ ಸರಿಯಾಗಿ, ಕಾಲ್ನಡಿಗೆಯಲ್ಲಿ ಹೊರಡಿಸಿದಳು.

ಆದದ್ದಿಷ್ಟು. ಮೈಸೂರಿನಿಂದ ನಮ್ಮ ಅತ್ತೆಯವರನ್ನು ಆರು ತಿಂಗಳ ಮಟ್ಟಿಗೆ ಕೇಟಿಗೆ ಕರೆತರುತ್ತಿದ್ದೆವು. "ಹೇಗೂ ಟೋಕಿಯೊದಲ್ಲಿ ವಿಮಾನ ಬದಲಾಯಿಸ್ಬೇಕಲ್ಲಾ ರೀ, ಮೂರು ದಿನ ಇದ್ದು ಊರು ನೋಡ್ಕೊಂಡೇ ಹೋಗೋಣ" ಎಂದಳು ಸುಧಾ. ಒಂಬತ್ತು ವರ್ಷದ ಮಗ ಅನೂಪ್ "ಯೆಸ್! ವಿಡಿಯೋ ಗೇಮ್ಸ್!" ಎಂದು ಕುಣಿದ. ನನ್ನ ಕಡೆ ಯಾರೂ ನೋಡಲಿಲ್ಲ. ಬೆಳಿಗ್ಗೆ ಅಸಾಕುಸಾದ ದೇವಸ್ಥಾನಕ್ಕೆ ಹೋದಾಗ ತೊಂದರೆಯಾಗಲಿಲ್ಲ. ಅತ್ತೆ ಅಲ್ಲಿನ ಧೂಪದ ಹೊಗೆಯನ್ನು ಮಂಗಳಾರತಿಯಂತೆ ಕಣ್ಣಿಗೆ ಒತ್ತಿಕೊಂಡು, ಊರು ಒಳ್ಳೆಯದೆಂದು ಅಲ್ಲೇ ತೀರ್ಮಾನಿಸಿಬಿಟ್ಟರು.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಳಿಯನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ಅವರ ಮನೆಯಲ್ಲಿಲ್ಲ. ನಾನು ಎದುರಿಗೇ ಎಲೆಯ ಮುಂದೆ ಕೂತಿದ್ದರೂ, "ಸುಧಾ, ಅಳಿಯಂದಿರಿಗೆ ಇನ್ನೊಂದು ಸೌಟು ಹುಳಿ ಬಡಿಸ್ಲಾ ಕೇಳೆ" ಎನ್ನುತ್ತಾರೆ. "ಸಾಕು ಅಂತ ಹೇಳೇ" ಎಂದು ನಾನೂ ಸುಧಾಳಿಗೇ ಹೇಳುತ್ತೇನೆ. ಮದುವೆಯಾದಾಗಿನಿಂದ ನಮ್ಮ ಬಾಂಧವ್ಯ ಹೀಗೆ ಸುಧಾ ಮೂಲಕವೇ ಸುಸೂತ್ರವಾಗಿ ನಡೆದುಬಂದಿದೆ. ಹಾಗೆಯೇ ಅವರು ಅಳಿಯನಿಗಿಂತ ಮುಂದೆ ನಡೆಯುವವರೂ ಅಲ್ಲ. ಮನೆಯ ಹಜಾರದಲ್ಲಿ ಇದು ಯಾರಿಗೂ ಭಾರವಲ್ಲ. ಶಿಂಜುಕುವಿನಲ್ಲಿ ಜೀವಕ್ಕೇ ಬಂತು.

ಎತ್ತ ನೋಡಿದರೂ ಕಪ್ಪು ಕೋಟಿನ ಜನ. ಮುಂದೆ ಅನೂಪನೊಂದಿಗೆ ಸುಧಾ, ನಡುವೆ ನಾನು, ನನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ಹಸಿರು ಸೀರೆ, ಸ್ವೆಟರಿನ ಅತ್ತೆ. ಪಕ್ಕಕ್ಕೆ ಬರಲಿ ಎಂದು ನಾನು ನಿಂತರೆ ಅವರೂ ನಿಲ್ಲುತ್ತಾರೆ. ನಿಧಾನ ಮಾಡಿದರೆ ಅವರೂ ನಿಧಾನ. ಜನ ಆ ನಾಲ್ಕು ಮಾರಿನಲ್ಲಿ ಹೊಳೆಯಂತೆ ನುಗ್ಗುತ್ತಿದ್ದರು. ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ನಡೆಯುತ್ತಾ, ಢಿಕ್ಕಿ ಹೊಡೆದವರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕಾರ ಹಾಕುತ್ತಾ ಸಾಗಿದೆ. ಒಮ್ಮೆ ಮುಂದೆ ನೋಡಿದರೆ ಸುಧಾ ಇಲ್ಲ, ಅನೂಪನೂ ಇಲ್ಲ. ನಮ್ಮ ಟೆಕ್ಸಸ್ಸಿನ ಸೆಲ್ ಫೋನು ಜಪಾನಿನಲ್ಲಿ ಗಂಟೆ ತೋರಿಸುವುದಕ್ಕಷ್ಟೇ ಸೈ. ಹೋಟೆಲಿನ ಹೆಸರು ನನಗೆ ನೆನಪಿಲ್ಲ, ಪಾಸ್‌ಪೋರ್ಟುಗಳೆಲ್ಲ ಸುಧಾಳ ಬ್ಯಾಗಿನಲ್ಲಿ. ಪರದೇಶದಲ್ಲಿ ಹೆಂಡತಿ, ಮಗನನ್ನು ಕಳೆದುಕೊಂಡು, ಮಾತಾಡದ ಅತ್ತೆಯೊಂದಿಗೆ ಉಳಿದೆ.

ಮೂಲೆಯಲ್ಲಿ ಪುಟ್ಟ ಪೊಲೀಸ್ ಚೌಕಿಯೊಂದಿತ್ತು. ಒಳಗಿದ್ದ ಎಳೆ ಪೊಲೀಸನಿಗೆ ಇಂಗ್ಲಿಷ್ ಬಾರದು. ಹೆಂಡತಿಯ ಎತ್ತರ, ಮಗನ ಎತ್ತರ ಕೈಯಲ್ಲಿ ತೋರಿಸಿ ನಟಿಸಿದೆ. ಅವನು ಗಂಭೀರವಾಗಿ ನಕ್ಷೆ ಬಿಡಿಸಿದ. ಆಗ ಹಿಂದಿನಿಂದ ಅತ್ತೆ ಅವನಿಗೆ ಹೇಳಿದರು: "ನೋಡಪ್ಪಾ, ನನ್ನ ಮಗಳು ಆ ದೊಡ್ಡ ಸೇತುವೆ ಕಡೆಗೆ ಹೋದ್ಲು. ಇವರು ಹಿಂದೆ ನೋಡ್ಕೊಂಡು ಈ ಕಡೆ ಬಂದ್ಬಿಟ್ರು. ಸ್ವಲ್ಪ ಇವರಿಗೆ ಹೇಳು."

ಪೊಲೀಸ್ ಹೌದು ಹೌದೆಂಬಂತೆ "ಹೈ, ಹೈ" ಎಂದು ನನ್ನ ಕಡೆ ತಿರುಗಿ ಬಗ್ಗಿದ.

"ಆಗ್ಲೇ ಯಾಕೆ ಹೇಳ್ಲಿಲ್ಲ ಅಂತ ಕೇಳಿ ಸಾರ್" ಎಂದೆ. ಅವನು ಅತ್ತೆಯ ಕಡೆ ತಿರುಗಿ ಇನ್ನೂ ಆಳವಾಗಿ ಬಗ್ಗಿದ.

ಸೇತುವೆಯ ಹತ್ತಿರ ಹೋದರೆ ಅಲ್ಲಿಯೂ ಇಬ್ಬರೂ ಇಲ್ಲ. ಅನೂಪನ ಕೈ ಸುಧಾ ಹಿಡಿದಿದ್ದಾಳೋ ಇಲ್ಲವೋ, ಅವನು ರೈಲು ಹತ್ತಿಬಿಟ್ಟಿದ್ದರೆ ಎಂದೆಲ್ಲ ತಲೆಯಲ್ಲಿ ಓಡತೊಡಗಿತು. ಮೆಟ್ಟಿಲೊಂದರ ಮೇಲೆ ಕುಸಿದು ಕೂತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

"ನೀರು ಕುಡೀರಿ."

ಯಾರಿಗೆ ಹೇಳಿದರೆಂದು ಸುತ್ತ ನೋಡಿದೆ. ಕನ್ನಡ ತಿಳಿಯುವವರು ಬೇರೆ ಯಾರೂ ಇರಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತು ಬಾಟಲು ನೀಡುತ್ತಿದ್ದರು.

"ಸುಧಾ ಚಿಕ್ಕೋಳಿದ್ದಾಗ ದಸರಾ ಎಕ್ಸಿಬಿಷನ್‌ನಲ್ಲಿ ಕೈ ತಪ್ಪಿಸ್ಕೊಂಡಿದ್ಲು. ಅವಳಪ್ಪ ಊರೆಲ್ಲ ಓಡಾಡಿದ್ರು. ನಾನು ನಿಂತಲ್ಲೇ ನಿಂತಿದ್ದೆ. ತಾನಾಗೇ ಬಂದ್ಲು. ಅವಳಿಗೆ ಹುಡುಕೋದು ಗೊತ್ತು. ನೀವು ಓಡಾಡ್ಬೇಡಿ, ಇಲ್ಲೇ ಕೂತ್ಕೊಳ್ಳಿ" ಎಂದು ಚೀಲದಿಂದ ನಿಪ್ಪಟ್ಟು ತೆಗೆದು ಕೈಗಿತ್ತರು. "ನಂಗೆ ತುಂಬಾ ಭಯ ಆಗ್ತಿದೆ ಅತ್ತೆ" ಎಂದೆ. "ಗೊತ್ತು. ತಿನ್ನಿ" ಎಂದರು. ಇಬ್ಬರೂ ಕೂತು ನಿಪ್ಪಟ್ಟು ಕಡಿದೆವು. ಅಷ್ಟು ಸಮಾಧಾನ ನನಗೆ ಯಾವ ಡಾಕ್ಟರೂ ಕೊಟ್ಟಿರಲಿಲ್ಲ.

ಕೊನೆಗೆ ಸುಧಾ ಬಂದಳು, ಕೈಯಲ್ಲಿ ಅನೂಪ್, ಅನೂಪನ ಕೈಯಲ್ಲಿ ಐಸ್‌ಕ್ರೀಮು. "ವೇರ್ ವರ್ ಯು ಗೈಸ್?" ಎಂದ ಅವನು. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ಸುಧಾ, ಅಳಿಯಂದಿರು ಹೆದರಿದ್ದಾರೆ, ಏನೂ ಅನ್ಬೇಡ ಕಣೆ."

ವಾಪಸು ಹೋಗುವ ರೈಲಿನಲ್ಲಿ ನನಗೆ ಧೈರ್ಯದ ಜೊತೆ ಸಿಟ್ಟೂ ಬಂತು. "ನಿಮ್ಮಮ್ಮನ ಮರ್ಯಾದೆಯಿಂದ ಇವತ್ತು ಪ್ರಾಣ ಹೋಗ್ತಿತ್ತು. ನಾಳೆ ಶಿಬುಯಾ ನೋಡೋಕೆ ಹೋದಾಗಲಾದ್ರೂ ನನಗಿಂತ ಮುಂದೆ ನಡೀಲಿಕ್ಕೆ ಹೇಳು" ಎಂದೆ. ತಾಯಿ ಮಗಳು ಪಿಸುಗುಟ್ಟಿಕೊಂಡರು. ಸುಧಾ ನಗು ತಡೆದುಕೊಂಡು ಹೇಳಿದಳು: "ಮರ್ಯಾದೆಗೆ ಅಲ್ವಂತೆ ರೀ. ಅಮ್ಮ ಮುಂದೆ ನಡೆದ್ರೆ, ನೀವು ಎಲ್ಲಿ ತಪ್ಪಿಸ್ಕೊಂಡ್ರಿ ಅಂತ ಗೊತ್ತಾಗೋದಿಲ್ವಂತೆ."

ಮರುದಿನ ಶಿಬುಯಾದ ಜಂಗುಳಿಯಲ್ಲಿ ನಾನು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ; ಅತ್ತೆ ನನ್ನ ಜಾಕೆಟ್ಟಿನ ತುದಿ ಹಿಡಿದುಕೊಂಡೇ ನಡೆಯುತ್ತಿದ್ದರು.