ಚಾರ್ಜ್ ಕೊಡದೆ ಹೋದ ಬ್ಯಾಟ್ಸ್‌ಮನ್

ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ದೇಶದ ಕ್ರಿಕೆಟ್ ತಂಡ ಆಗಾಗ ಮುಗ್ಗರಿಸಿ ಬೀಳುತ್ತಿದ್ದುದರ ನಿಜವಾದ ಕಾರಣ ಗೊತ್ತಿದ್ದವರು ಇಡೀ ಭಾರತದಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ! ಪತ್ರಿಕೆಯವರು ಪಿಚ್ಚು ಸರಿಯಿಲ್ಲ ಎಂದರು, ವಿದೇಶದ ಚಳಿ ಎಂದರು, ಅಂಪೈರು ಎಂದರು. ಎಲ್ಲ ಬೊಗಳೆ. ಮಾವನ ಪ್ರಕಾರ ಕಾರಣ ಒಂದೇ ಒಂದು: ವಯಸ್ಸಾದ ಬ್ಯಾಟ್ಸ್‌ಮನ್‌ಗಳು ಹೊಸಬರಿಗೆ ಚಾರ್ಜ್ ಕೊಡದೆ ಹೋಗುತ್ತಿದ್ದರು.

ಮಾವ ಸರ್ಕಾರಿ ಗುಮಾಸ್ತರು. ಜಗಳೂರು, ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಎಂದು ವರ್ಗವಾದಲ್ಲೆಲ್ಲ ಟ್ರಂಕು, ಹಾಸಿಗೆ, ಅತ್ತೆ ಮತ್ತು ಒಂದು ಕ್ರಿಕೆಟ್ ಬ್ಯಾಟಿನ ಸಮೇತ ಹೋದವರು. ಅವರ ಕಚೇರಿಯಲ್ಲಿ ಹಳಬರು ಕುರ್ಚಿ ಬಿಡಬೇಕಾದರೆ ಮೊದಲು ಚಾರ್ಜ್ ಪಟ್ಟಿ ಆಗಬೇಕು. ಬೀರು ಎರಡು, ಬೀಗದ ಕೈ ಒಂದು, ಮಸಿ ಕುಡಿಕೆ ನಾಲ್ಕು, ಕಾಲು ಮುರಿದ ಸ್ಟೂಲು ಒಂದು ಎಂದು ಬರೆದು, ಕೊಟ್ಟವರು ಒಂದು ಕಡೆ, ತೆಗೆದುಕೊಂಡವರು ಇನ್ನೊಂದು ಕಡೆ ಸಹಿ ಹಾಕಬೇಕು. ಆಮೇಲೆ ಬೀಳ್ಕೊಡುಗೆ: ಶಾಲು, ಹಾರ, ಎರಡು ಭಾಷಣ, ಗ್ರೂಪ್ ಫೋಟೋ, ಮಂಡಕ್ಕಿ ಮೆಣಸಿನಕಾಯಿ. ಇಷ್ಟಿಲ್ಲದೆ ಮನುಷ್ಯರು ಒಂದು ಜಾಗ ಬಿಟ್ಟು ಹೋಗುವುದುಂಟೆ? ಮಾವನಿಗೆ ಅದು ಊಹೆಗೂ ನಿಲುಕುತ್ತಿರಲಿಲ್ಲ.

"ನಮ್ಮ ಜವಾನ ರಿಟೈರಾದ್ರೂ ಶಾಲು ಹೊದೆಸಿ, ಗೋಡೆ ಗಡಿಯಾರ ಕೊಟ್ಟು ಕಳಿಸ್ತೀವಿ. ಆ ಬ್ಯಾಟ್ಸ್‌ಮನ್ ಹದಿನೈದು ವರ್ಷ ಬಿಸಿಲಾಗೆ ನಿಂತು ದೇಶಕ್ಕೆ ಆಡ್ಯಾನೆ. ರೇಡಿಯೋದಾಗೆ ಹೆಸರು ಓದುವಾಗ ಅವಂದೊಂದು ಬಿಟ್ರೆ ಮುಗೀತೇನು? ಹೊಸಾ ಹುಡುಗ ಬಂದು ನಿಂತ್ಕಂಡಾನಲ್ಲ, ಅವನಿಗೆ ಯಾರು ಏನು ಕೊಟ್ರು? ಬೀರು ಬೀಗದ ಕೈನೇ ಕೊಡದಂಗೆ ಕೆಲಸ ಮಾಡು ಅಂದ್ರೆ ಹೆಂಗೆ ಮಾಡ್ತಾನೆ?"

ಹಾಗಾದರೆ ವಯಸ್ಸಾದವರನ್ನು ತೆಗೆಯಬಾರದೇ? ಛೇ ಛೇ, ಹಾಗೆಂದವರನ್ನು ಮಾವ ಕಣ್ಣಲ್ಲೇ ಸುಡುತ್ತಿದ್ದರು. ತೆಗೆಯಲೇಬೇಕು. ಆದರೆ ಕ್ರಮವಾಗಿ!

ಮಾವನೂ ಬ್ಯಾಟ್ಸ್‌ಮನ್ನೇ. ಹೊಸ ಊರಿಗೆ ವರ್ಗವಾದರೆ ಬೇರೆಯವರು ಬಾಡಿಗೆ ಮನೆ ಹುಡುಕುತ್ತಾರೆ, ಮಾವ ಮೈದಾನ ಹುಡುಕುತ್ತಿದ್ದರು. ಮೈದಾನದ ಹತ್ತಿರ ಯಾವ ಮನೆ ಸಿಕ್ಕರೂ ಸರಿ, ಅದಕ್ಕೆ ಬಚ್ಚಲು ಇದೆಯೋ ಇಲ್ಲವೋ ಎಂದು ಅತ್ತೆ ಆಮೇಲೆ ನೋಡಿಕೊಳ್ಳಬೇಕು. ಎಲ್ಲ ಊರಿನ ತಂಡದಲ್ಲೂ ಅವರೇ ಓಪನರ್. ಗಂಟೆಗಟ್ಟಲೆ ನಿಲ್ಲುತ್ತಿದ್ದರು. ರನ್ನು? ಅದನ್ನು ಕೇಳಬಾರದು. ಒಮ್ಮೆ ಅವರು ಊಟದ ಹೊತ್ತಿನವರೆಗೆ ನಿಂತು ನಾಲ್ಕು ರನ್ನು ಹೊಡೆದಾಗ ಎದುರು ತಂಡದ ಇಬ್ಬರು ಫೀಲ್ಡರುಗಳು ಬೌಂಡರಿ ಗೆರೆಯ ಬಳಿ ಮಲಗಿ ನಿದ್ದೆ ಹೋಗಿದ್ದರಂತೆ. "ವಿಕೆಟ್ಟು ಕಾಯೋದು ನನ್ನ ಡ್ಯೂಟಿ, ರನ್ನು ಬೇರೆ ಸೆಕ್ಷನ್ನು" ಎನ್ನುತ್ತಿದ್ದರು.

ನ್ಯಾಮತಿಯಲ್ಲಿದ್ದಾಗ ಮಾವ ಮೊದಲ ಬಾರಿ ಆಯ್ಕೆ ಸಮಿತಿಗೆ ಅರ್ಜಿ ಬರೆದರು. ಆಗ ನಮ್ಮ ತಂಡದ ದೊಡ್ಡ ಬ್ಯಾಟ್ಸ್‌ಮನ್ ಒಬ್ಬರಿಗೆ ವಯಸ್ಸಾಗಿ ಚೆಂಡು ಕಾಣದಂತಾಗಿತ್ತು, ಅವರ ಜಾಗಕ್ಕೆ ಯಾರು ಎಂದು ದೇಶವೇ ತಲೆ ಕೆಡಿಸಿಕೊಂಡಿತ್ತು. ಮಾವ ಫುಲ್‌ಸ್ಕೇಪ್ ಹಾಳೆಯಲ್ಲಿ 'ವಿಷಯ: ಮೂರನೇ ಕ್ರಮಾಂಕದ ಚಾರ್ಜ್ ವಹಿಸಿಕೊಡುವ ಬಗ್ಗೆ' ಎಂದು ಬರೆದು, ಹೈಸ್ಕೂಲಿನ ಮೇಷ್ಟರ ಕೈಯಲ್ಲಿ ಇಂಗ್ಲಿಷಿಗೆ ಮಾಡಿಸಿ, ಖಾಲಿ ಚಾರ್ಜ್ ಪಟ್ಟಿಯ ಮೂರು ಪ್ರತಿ ಲಗತ್ತಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. ಆದರೆ ಅರ್ಜಿ ಮುಟ್ಟಿದ್ದಕ್ಕೆ ಸಹಿಯಾದ ರಸೀದಿ ಕಾರ್ಡು ಬಂತು. ಮಾವ ಅದನ್ನು ದೇವರ ಮನೆಯಲ್ಲಿಟ್ಟು, "ಕಡತ ಎದ್ದೈತೆ. ಇನ್ನು ಮೇಜಿಂದ ಮೇಜಿಗೆ ಹೋಗ್ಬೇಕಷ್ಟೆ" ಎಂದರು.

ಮುಂದಿನ ಪಂದ್ಯದಲ್ಲಿ ಆ ದೊಡ್ಡ ಬ್ಯಾಟ್ಸ್‌ಮನ್ನೇ ಆಡಿ ಎರಡು ಇನಿಂಗ್ಸಿನಲ್ಲೂ ಸೊನ್ನೆಗೆ ಔಟಾದರು. ಊರೆಲ್ಲ ಬೈಯಿತು. ಮಾವ ಮಾತ್ರ ರೇಡಿಯೋ ಆರಿಸಿ ನಿಟ್ಟುಸಿರು ಬಿಟ್ಟರು.

"ಪಾಪ, ಆಟದ ಮೇಲೆ ಗಮನ ಎಲ್ಲಿರ್ತದೆ? ಪಟ್ಟಿ ತಯಾರು ಮಾಡ್ತಿರ್ಬೇಕು!"

ಹೊನ್ನಾಳಿಗೆ ಬರುವ ಹೊತ್ತಿಗೆ ಅರ್ಜಿಯಿಂದ ಕೆಲಸವಾಗುವುದಿಲ್ಲ ಎಂದು ಅವರಿಗೆ ಮನವರಿಕೆಯಾಗಿತ್ತು. ಹಾಗಾಗಿ ಇನ್ನೊಬ್ಬ ಹಿರಿಯ ಬ್ಯಾಟ್ಸ್‌ಮನ್ನನ್ನು ತಂಡದಿಂದ ಕೈಬಿಟ್ಟ ಸುದ್ದಿ ರೇಡಿಯೋದಲ್ಲಿ ಬಂದ ಮರುದಿನವೇ ಮಾವ ಸ್ವತಃ ಬೀಳ್ಕೊಡುಗೆ ಏರ್ಪಡಿಸಿಬಿಟ್ಟರು. ಸನ್ಮಾನಿತರು ಹೊನ್ನಾಳಿಗೆ ಬರುವಂತಿಲ್ಲವಲ್ಲ! ಅದಕ್ಕೆ ವಾರಪತ್ರಿಕೆಯಲ್ಲಿ ಬಂದಿದ್ದ ಅವರ ಫೋಟೋ ಕತ್ತರಿಸಿ, ಕಟ್ಟು ಹಾಕಿಸಿ, ಮನೆಯ ಮುಂದಿನ ಚಪ್ಪರದಲ್ಲಿ ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದೆಸಿ, ದಪ್ಪನೆಯ ಸುಗಂಧರಾಜ ಹಾರ ಹಾಕಿದರು. ಘಮಘಮ ಇರಲಿ ಎಂದು ಎರಡು ಊದುಬತ್ತಿಯನ್ನೂ ಹಚ್ಚಿದರು. ಮಾವನ ಕಣ್ಣಲ್ಲಿ ನೀರು ಬೇರೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು.

"ಯಾವಾಗ ಆತ್ರೀ?"

"ನಿನ್ನೆ ಸಾಯಂಕಾಲ. ರೇಡಿಯೋದಾಗೆ ಹೇಳಿದ್ರು."

"ಏನಾಗಿತ್ತಂತೆ?"

"ಒಂದೆರಡು ವರ್ಷದಿಂದ ಕಣ್ಣು ಮಂಜು, ಕಾಲು ಏಳ್ತಿರಲಿಲ್ಲ. ಎಲ್ಲಾರಿಗೂ ಗೊತ್ತಿದ್ದದ್ದೇ."

"ವಯಸ್ಸು?"

"ಮೂವತ್ತೆಂಟು."

"ಶಿವನೇ! ಮಕ್ಕಳು ಇನ್ನೂ ಸಣ್ಣವಿರಬೇಕಲ್ರೀ!"

ಅವರು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ಮಧ್ಯಾಹ್ನದೊಳಗೆ ಎರಡು ಅಂಗಡಿ ಬಾಗಿಲು ಹಾಕಿದವು, ಒಂದು ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನ ಆಚರಿಸಿ ಮನೆಗೆ ಬಿಟ್ಟರು. ಮಾರನೆಯ ದಿನದ ಪತ್ರಿಕೆಯಲ್ಲಿ ಸತ್ತವರು ಯಾವುದೋ ಮದುವೆಯಲ್ಲಿ ಹಲ್ಲು ಕಿರಿಯುತ್ತಾ ನಿಂತಿದ್ದರು! ಊರಿನ ನಾಲ್ಕು ಜನ ಹಿರಿಯರು ಮಾವನ ಮನೆಗೆ ಬಂದು ತರಾಟೆಗೆ ತೆಗೆದುಕೊಂಡರು. ಮಾವ ಜಗ್ಗಲಿಲ್ಲ.

"ಹಾರ ಹಾಕಿದ್ದು ತಪ್ಪೇನ್ರೀ? ಮನುಷ್ಯನಿಗೆ ಗೌರವ ಮಾಡಾಕೆ ಅವನು ಸತ್ತೇ ಹೋಗ್ಬೇಕಾ?"

ಹಿರಿಯರು ಉಳಿದಿದ್ದ ಮಂಡಕ್ಕಿ ತಿಂದು ಹೋದರು.

ಅಷ್ಟು ವರ್ಷವೂ ನಾನು ಇದನ್ನೆಲ್ಲ ಮಾವನ ತಲೆತಿರುಕತನ ಎಂದುಕೊಂಡು ನಗುತ್ತಾ ಇದ್ದೆ. ಎಂಬತ್ತರ ದಶಕದಲ್ಲಿ ಮಾವ ಚನ್ನಗಿರಿಗೆ ವರ್ಗವಾಗಿ ಬಂದರು. ನಾನು ಆಗಲೇ ಅಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದೆ, ಊರಿನ ತಂಡದಲ್ಲಿ ಏಳನೆಯವನಾಗಿ ಆಡುತ್ತಿದ್ದೆ. ಮಾವ ಬಂದವರೇ ಓಪನರ್ ಆದರು. ಅವರಿಗೆ ಆಗ ಐವತ್ತೆರಡು. ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡು ಆಡುತ್ತಿದ್ದರು. ಮಂಡಿ ನೋವು ಬೇರೆ. ನಲ್ಲೂರಿನವರ ಮೇಲಿನ ಪಂದ್ಯದಲ್ಲಿ ಅವರು ಓಡಲಾರದೆ ಮೂವರು ಜೊತೆಗಾರರು ರನೌಟಾದರು. ಮೂರನೆಯವನು ನಾನೇ.

ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಮ್ಮ ಕ್ಯಾಪ್ಟನ್, ಅಡಿಕೆ ಮಂಡಿಯವರ ಮಗ, ಮೆಲ್ಲಗೆ ಮಾತು ತೆಗೆದ. "ನಿಮ್ಮ ಮಾವ ಸಾಕು ಕಣಪ್ಪಾ. ಬರೋ ಭಾನುವಾರದ ಮ್ಯಾಚಿಗೆ ಅವರ ಜಾಗದಾಗೆ ನೀನೇ ಓಪನ್ ಮಾಡು. ಟೀಮಿನ ಪಟ್ಟಿ ಹೋಟೆಲ್ ಗೋಡೆಗೆ ಅಂಟಿಸಿಬಿಡ್ತೀನಿ, ಅವರೇ ನೋಡ್ಕಂತಾರೆ."

ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಂಡುಬಿಡುತ್ತೇನೆ. ಓಪನರ್ ಆಗುವುದೆಂದರೇನು ಸಾಮಾನ್ಯವೇ! ಅದೇ ಉಬ್ಬಿನಲ್ಲಿ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

"ಗೋಡೆಗೆ ಅಂಟಿಸ್ತಾರಾ? ಜಗಳೂರಾಗೂ ಹಿಂಗೇ ಆಗಿತ್ತಪ್ಪಾ. ಬಿಳಿ ಪ್ಯಾಂಟು ಇಸ್ತ್ರಿ ಮಾಡಿಸ್ಕಂಡು, ಬ್ಯಾಟಿಗೆ ಎಣ್ಣೆ ಹಚ್ಕಂಡು ಹೋದ್ರು. ಸೈಕಲ್ ಶಾಪಿನ ಹಲಗೆ ಮೇಲೆ ಹೆಸರು ಬರೆದಿದ್ರಂತೆ, ಇವರದು ಇಲ್ಲ. ಯಾರೂ ಒಂದ್ ಮಾತೂ ಹೇಳಿರಲಿಲ್ಲ. ಆ ಬಿಸಿಲಾಗೆ ವಾಪಸ್ ಬಂದು, ಪ್ಯಾಂಟು ಮಡಿಚಿಟ್ಟು, ಮ್ಯಾಚು ಇಲ್ಲವಂತೆ ಕಣೇ ಅಂದ್ರು. ಮೈದಾನ ಮನೆ ಹಿಂದೇನೇ ಇತ್ತು. ಚಪ್ಪಾಳೆ ಕೇಳಿಸ್ತಿತ್ತು ನನಗೆ."

ಅಷ್ಟು ಅರ್ಜಿ, ಅಷ್ಟು ಹಾರ, ಹೊನ್ನಾಳಿಯಲ್ಲಿ ಸುರಿಸಿದ ಕಣ್ಣೀರು ಯಾರಿಗಾಗಿ ಎಂದು ಆಗ ತಿಳಿಯಿತು. ಅವರ ಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಓಡಿಹೋಗಿ ಕ್ಯಾಪ್ಟನ್ನನ ಕೈಯಿಂದ ಪಟ್ಟಿ ಕಿತ್ತುಕೊಂಡು, ಮೊದಲು ಮಾವನಿಗೆ ಬೀಳ್ಕೊಡುಗೆ, ಆಮೇಲೆ ಬೇಕಾದರೆ ಪಟ್ಟಿ ಎಂದು ಹಟ ಹಿಡಿದೆ.

ಶನಿವಾರ ಸಂಜೆ ಗುಡ್ಡದ ಕೆಳಗಿನ ಮೈದಾನದ ಪಕ್ಕ ಶಾಮಿಯಾನ ಹಾಕಿದೆವು. ಆದರೆ ಮಾವನಿಗೆ ಎದುರು ನಿಂತು ಹೇಳುವ ಧೈರ್ಯ ಯಾರಿಗಿತ್ತು? ಆ ವಾರ ದೇಶದ ತಂಡದಿಂದ ಮತ್ತೊಬ್ಬ ಹಿರಿಯರನ್ನು ಕೈಬಿಟ್ಟಿದ್ದರು. ಅವರಿಗೇ ಬೀಳ್ಕೊಡುಗೆ ಎಂದು ಸುಳ್ಳು ಹೇಳಿ ಕರೆದೆವು. ಐದಾಯಿತು, ಆರಾಯಿತು, ಮಾವ ಬರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಹೆಡ್‌ಮಾಸ್ಟರು ಗಡಿಯಾರ ನೋಡಿ, "ಅವರದೇ ಪದ್ಧತಿ ಐತಲ್ರೀ, ಒಂದು ಫೋಟೋ ತಂದು ಕುರ್ಚಿ ಮೇಲಿಟ್ಟು ಹಾರ ಹಾಕಿಬಿಡಾನ" ಎಂದರು.

ಮುಂದಿನ ಸಾಲಿನಲ್ಲಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. "ಹಾಕ್ರಿ ನೋಡಾನ! ಗಟ್ಟಿಮುಟ್ಟಾಗಿರೋ ಗಂಡನ ಫೋಟೋಕ್ಕೆ ನನ್ನ ಎದುರಿಗೇ ಹಾರ ಹಾಕ್ತೀರಾ? ಯಾವನು ಮುಟ್ತಾನೆ ಮುಟ್ಲಿ!"

ಹೆಡ್‌ಮಾಸ್ಟರು ಹಾರವನ್ನು ತಮ್ಮ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅಷ್ಟರಲ್ಲಿ ಮಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕಂಕುಳಲ್ಲಿ ಬ್ಯಾಟು, ಕೈಯಲ್ಲೊಂದು ಫೈಲು. ನೆಟ್ಟಗೆ ಬಂದು ಆ ಕುರ್ಚಿಯಲ್ಲಿ ತಾವೇ ಕುಳಿತರು.

"ತಡ ಆತು. ಟೈಪ್ ಮಾಡಿಸೋದಿತ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕು ದಿನದಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ. ನನಗೆ ತಿಳಿಯಂಗಿಲ್ಲೇನಲೇ?"

ಹಾರ, ಶಾಲು ಆದ ಮೇಲೆ ಮಾವ ಎದ್ದು ಚಾರ್ಜ್ ಪಟ್ಟಿ ಓದಿದರು. ಬ್ಯಾಟು ಒಂದು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ. ಎಡಗಾಲಿನ ಪ್ಯಾಡು ಒಂದು, ಬಲಗಾಲಿನದು ನ್ಯಾಮತಿಯಿಂದಲೇ ಬಂದಿರುವುದಿಲ್ಲ. ಗುಡ್ಡದ ಕಡೆಯ ಗಾಳಿ, ನಾಲ್ಕು ಗಂಟೆಯ ಮೇಲೆ ಚೆಂಡು ಒಳಕ್ಕೆ ಬರುತ್ತದೆ, ಎಚ್ಚರ ವಹಿಸುವುದು. ಕತ್ತಲಗೆರೆಯ ಎಡಗೈ ಬೌಲರ್ ಒಬ್ಬ, ಮೂರು ಓವರಿಗೆ ದಣಿಯುತ್ತಾನೆ, ಅಲ್ಲಿಯವರೆಗೆ ಕಾಯತಕ್ಕದ್ದು. ಓಪನರನ್ನು ಬೈಯುವ ಜೊತೆಗಾರರು ಹತ್ತು ಮಂದಿ, ಎಲ್ಲರೂ ಸುಸ್ಥಿತಿಯಲ್ಲಿದ್ದಾರೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಪುಟ ತಿರುವಿ, ಕೊನೆಯ ಬಾಬತ್ತನ್ನು ಮಾತ್ರ ಸ್ವಲ್ಪ ತಡೆದು ಓದಿದರು. ಬೇವಿನ ಮರದ ಕೆಳಗೆ ಕೂರುವ ಪ್ರೇಕ್ಷಕ ಒಬ್ಬ. ಹಳೆಯದು. ಮಂಡಿ ದುರಸ್ತಿಯಾಗುವಂತಿಲ್ಲ. ಚಪ್ಪಾಳೆ ಸುಸ್ಥಿತಿಯಲ್ಲಿದೆ.

ಕೊಟ್ಟವರು ಎಂಬಲ್ಲಿ ಅವರು ಸಹಿ ಹಾಕಿ ಪೆನ್ನನ್ನು ನನಗೆ ಕೊಟ್ಟರು. ತೆಗೆದುಕೊಂಡವರು ಎಂಬಲ್ಲಿ ನಾನು ಸಹಿ ಹಾಕಿದೆ. ಮಾವ ಹಾಳೆಯ ಮೇಲೆ ಊದಿ ಮಸಿ ಒಣಗಿಸುತ್ತಾ, "ದೇಶಕ್ಕೆ ಆಡಿದೋರಿಗೆ ಸಿಗಲಿಲ್ಲ, ಚನ್ನಗಿರಿಗೆ ಆಡಿದೋನಿಗೆ ಸಿಕ್ತು ನೋಡು" ಎಂದು ಮೆಲ್ಲಗೆ ಹೇಳಿದರು.

ಮಾರನೆಯ ದಿನ ನಾನು ಮಾವನ ಬ್ಯಾಟು ಹಿಡಿದು, ಒಂದೇ ಪ್ಯಾಡು ಕಟ್ಟಿಕೊಂಡು ಓಪನರಾಗಿ ಹೋದೆ. ಕತ್ತಲಗೆರೆಯ ಎಡಗೈಯವನು ಓಡಿ ಬಂದ. ಮೊದಲ ಚೆಂಡಿಗೇ ನಡುವಿನ ಸ್ಟಂಪು ಹಾರಿಹೋಯಿತು!

ತಲೆ ತಗ್ಗಿಸಿಕೊಂಡು ವಾಪಸು ಬರುವಾಗ ಬೇವಿನ ಮರದ ಕೆಳಗಿನಿಂದ ಒಬ್ಬರದೇ ಚಪ್ಪಾಳೆ ಕೇಳಿಸಿತು. ಮಂಡಿ ನೋವಿದ್ದರೂ ಮಾವ ಎದ್ದು ನಿಂತು ತಟ್ಟುತ್ತಿದ್ದರು. ನಾನು ಹತ್ತಿರ ಹೋಗುವವರೆಗೂ ನಿಲ್ಲಿಸಲಿಲ್ಲ. ಆಮೇಲೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಮಂಡಕ್ಕಿಯ ಪೊಟ್ಟಣ ನನ್ನ ಕಡೆ ಸರಿಸಿದರು.

"ಕೂತ್ಕಳಪ್ಪಾ. ಹೊಸಾ ಜಾಗದಾಗೆ ಮೊದಲ್ನೇ ದಿನ ಯಾರಿಗೂ ಬೀರು ಬೀಗ ತೆಗೆಯಾಕೆ ಬರಂಗಿಲ್ಲ."