ಬಲಗಡೆ ಒಂಬತ್ತು ಸುತ್ತು

ಗಂಡ: ಒಂದು ನಿಮಿಷ ಉಸಿರು ಬಿಗಿಹಿಡಿಯೇ! ಗುಳ್ಳೆ ಅಲ್ಲಾಡ್ತಾ ಇದೆ.

ಹೆಂಡತಿ: ಅರ್ಧ ಗಂಟೆಯಿಂದ ಬಿಗಿಹಿಡ್ಕೊಂಡೇ ಕೂತಿದೀನಿ. ಇನ್ನೂ ಹಿಡಿದ್ರೆ ಈ ಸೀಟಿಗೆ ಬೇರೆ ಯಾರನ್ನಾದ್ರೂ ಹುಡುಕ್ಕೋಬೇಕಾಗುತ್ತೆ ನೀವು.

ಮೂರು ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದು, ನಾಲ್ಕು ವರ್ಷ ಮನೆ ಹಿಂದಿನ ಶೆಡ್ಡಿನಲ್ಲಿ ಅವನ ಕೈಯಲ್ಲೇ ಜೋಡಣೆಗೊಂಡ ಹಳೇ ಮಾದರಿಯ ಕಾರು ಅದು. ಓಡಿಸುವವನ ತೂಕ ಸೀಟಿನಲ್ಲಿ ಇಲ್ಲದೆ ಹಿಂದಿನ ಸ್ಪ್ರಿಂಗುಗಳನ್ನು ಹೊಂದಿಸಬಾರದೆಂದು ಪುಸ್ತಕದಲ್ಲಿ ಬರೆದಿತ್ತು. ಹಾಗಾಗಿ ಅವಳು ಮಡಿಲಲ್ಲಿ ಮೊಳೆಡಬ್ಬಿ ಇಟ್ಟುಕೊಂಡು ಅವನ ಜಾಗದಲ್ಲಿ ಕೂತಿದ್ದಳು. ಅವನೋ ಹಿಂದಿನ ಮುಚ್ಚಳದ ಮೇಲೆ ಅಪ್ಪನ ರಸಮಟ್ಟವನ್ನು ಅಡ್ಡಲಾಗಿ ಇಟ್ಟು, ಗಾಜಿನೊಳಗಿನ ಗುಳ್ಳೆಯನ್ನೇ ದಿಟ್ಟಿಸುತ್ತಿದ್ದ. ಗುಳ್ಳೆ ಎಡಕ್ಕೆ ಸರಿದಿತ್ತು. ಎಂದರೆ ಬಲಗಡೆ ತಗ್ಗು.

ಹೆಂಡತಿ: ಈ ಮೊಳೆಡಬ್ಬಿ ಎಷ್ಟು ಕೆಜಿ ರೀ? ತೊಡೆ ಜೋಮು ಹಿಡೀತು.

ಗಂಡ: ಹದಿನಾಲ್ಕು. ನಂದು ಎಪ್ಪತ್ತೆರಡು, ನಿಂದು ಐವತ್ತೆಂಟು.

ಹೆಂಡತಿ: ಐವತ್ತಾರು!

ಗಂಡ: ಅದು ಮದುವೆ ದಿನದ ಲೆಕ್ಕ.

ಹೆಂಡತಿ: ಅಲ್ರೀ, ಐದು ಗಂಟೆಗೆ ಮೂಳೆ ಡಾಕ್ಟರು ಟೈಮ್ ಕೊಟ್ಟಿದಾರೆ. ಮೂರು ವಾರ ಕಾದು ಸಿಕ್ಕಿದ್ದು. ಪುಟ್ಟ ಅಲ್ಲಿ ನೋಡಿ, ಮತ್ತೆ ಬಲಕ್ಕೆ ವಾಲ್ತಿದಾನೆ. ನೆಟ್ಟಗೆ ಹೊರಟ್ರೂ ಆ ಬಲಗಡೆ ಗೋಡೆಗೇ ಹೋಗಿ ಮುಟ್ತಾನೆ.

ಒಂದು ವರ್ಷ ಎರಡು ತಿಂಗಳ ಪುಟ್ಟ ಮನೆಯೊಳಗೆ ಇನ್ನೂ ಅಂಬೆಗಾಲು. ಶೆಡ್ಡಿಗೆ ಬಂದರೆ ಮಾತ್ರ, ಕಾರಿನ ಮಡ್‌ಗಾರ್ಡು ಹಿಡಿದು ಎದ್ದು ನಾಲ್ಕು ಹೆಜ್ಜೆ ಇಡುತ್ತಿದ್ದ. ಒಂದು ತಿಂಗಳಿಂದ ಅವಳು ಅವನ ಎರಡೂ ಕಾಲುಗಳನ್ನು ದಿನಾ ಟೇಪಿನಲ್ಲಿ ಅಳೆಯುತ್ತಿದ್ದಳು. ಅಳತೆ ಸಮವಾಗಿ ಬಂದರೆ ಟೇಪಿನ ಮೇಲೇ ಅನುಮಾನ.

ಗಂಡ: ಮಗು ಅಂದ್ಮೇಲೆ ವಾಲುತ್ತೆ ಕಣೇ. ಅದಕ್ಕೆಲ್ಲ ತಲೆ ಕೆಡಿಸ್ಕೋತಾರಾ?

ಹೆಂಡತಿ: ಕಾರು ಒಂದು ಬೆರಳು ವಾಲಿದ್ದಕ್ಕೆ ನೀವು ಎರಡು ಭಾನುವಾರ ಅದರಡಿ ಮಲಗಿದ್ರಿ!

ಗಂಡ: ಕಾರು ಬೆಳೀತಾ ಬೆಳೀತಾ ಸರಿಹೋಗಲ್ವಲ್ಲೇ.

ಅವನು ಮತ್ತೆ ಕಾರಿನಡಿ ನುಸುಳಿ, ಬಲಗಡೆ ಸ್ಪ್ರಿಂಗಿನ ಎತ್ತರ ಹೊಂದಿಸುವ ಉಂಗುರವನ್ನು ಹಲ್ಲು ಕಚ್ಚಿ ಒಂದು ಸುತ್ತು ಏರಿಸಿದ. ಅದು ಒಂಬತ್ತನೆಯ ಸುತ್ತು. ಹೊರಗೆ ಬಂದು ನೋಡಿದರೆ ಗುಳ್ಳೆ ಎರಡು ಗೀಟುಗಳ ನಡುವೆ ಗಪ್‌ಚಿಪ್ಪಾಗಿ ಕೂತಿದೆ.

ಗಂಡ: ನೋಡೇ, ನೋಡು! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಡಿ, ಇದರಲ್ಲೇ ಡಾಕ್ಟರ ಹತ್ರ ಹೋಗೋಣ.

ಹೆಂಡತಿ: ನನ್ನ ಮಗನ್ನ ಇದರಲ್ಲಿ ಕೂರಿಸೋದಾ? ಮೊದಲು ರಸ್ತೇಲಿ ನಿಲ್ಲಿಸಿ ತೋರಿಸಿ.

ಕಾರನ್ನು ಮನೆ ಮುಂದಿನ ರಸ್ತೆಗೆ ತಂದು ನಿಲ್ಲಿಸಿದ್ದಾಯಿತು. ಅವಳು ಮೊಳೆಡಬ್ಬಿ ಸಮೇತ ಮತ್ತೆ ಸೀಟಿಗೆ. ರಸಮಟ್ಟ ಇಟ್ಟ ಗಂಡನ ಮುಖ ಹುಳ್ಳಗಾಯಿತು.

ಗಂಡ: ಇದೇನಿದು! ಈಗ ಎಡಗಡೆ ತಗ್ಗು!

ಹೆಂಡತಿ: ಅಯ್ಯೋ, ಪುಟ್ಟ ರಸ್ತೆಗೆ ಬಂದ! ಹಿಡೀರಿ... ತಾಳಿ, ತಾಳಿ, ಹಿಡೀಬೇಡಿ. ನೆಟ್ಟಗೆ ನಡೀತಿದಾನೆ ರೀ!

ಪುಟ್ಟ ಕಾರಿನ ಕಡೆಯಿಂದ ತಿರುಗಿ, ದಾರ ಹಿಡಿದ ಹಾಗೆ ಏಳು ಹೆಜ್ಜೆ ನಡೆದು, ಗೇಟಿನಲ್ಲಿ ನಿಂತಿದ್ದ ತಾತನ ಮೊಣಕಾಲು ತಬ್ಬಿಕೊಂಡ. ಗಾರೆ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದ ಮಾವ ಮೊಮ್ಮಗನನ್ನು ಎತ್ತಿಕೊಂಡರು.

ಮಾವ: ಏನೋ ಇದು, ಕಾರು ಹಿಂಗ್ ಸೊಟ್ಟಗೆ ನಿಂತಿದೆ?

ಗಂಡ: ಶೆಡ್ಡಲ್ಲಿ ಸರಿಯಾಗೇ ಇತ್ತಪ್ಪ! ನಿಮ್ಮ ರಸಮಟ್ಟದಲ್ಲೇ ನೋಡ್ದೆ.

ಮಾವ: ನೆಲದ ಮೇಲಿಟ್ಟು ನೋಡಿದ್ಯಾ?

ಗಂಡ: ನೆಲ ಯಾಕೆ ನೋಡ್ಬೇಕು? ನೆಲ ನೆಲದ ಥರಾನೇ ಇರುತ್ತೆ.

ಮಾವ: ಅಯ್ಯೋ ಮಂಕೆ, ಆ ನೆಲ ಹಾಕಿದ್ದು ನಾನು. ತೊಳೆದ ನೀರು ಬಲಗಡೆ ತೂತಿಗೆ ಹರಿದು ಹೋಗ್ಲಿ ಅಂತ ಚೆನ್ನಾಗಿ ವಾಟ ಕೊಟ್ಟಿದೀನಿ. ನೀನು ನೆಲದ ಓರೆಯನ್ನ ಕಾರಲ್ಲಿ ತಿದ್ದಿದೀಯ!

ಗಂಡ: ಹಾಗಾದ್ರೆ ಒಂಬತ್ತು ಸುತ್ತೂ...

ಮಾವ: ಬಿಚ್ಚು. ರಸ್ತೇಲೇ ಮಲಕ್ಕೊಂಡು ಬಿಚ್ಚು.

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿದದ್ದು ನಾಲ್ಕು ಕ್ಷಣ ಮಾತ್ರ.

ಹೆಂಡತಿ: ಅಂದ್ರೆ ಪುಟ್ಟ ಓರೆ ನೆಲದ ಮೇಲೆ ನಡಿಗೆ ಕಲಿತ! ನಾಳೆ ಇವನೂ ಆ ಕಾರಿನ ಥರ ಎಡಕ್ಕೆ ವಾಲಿದ್ರೆ?

ಮಾವ: ಇವನಿಗೆ ಯಾರೂ ಉಂಗುರ ತಿರುಗಿಸಿಲ್ಲಮ್ಮ. ಏನೂ ಆಗಲ್ಲ.

ಹೆಂಡತಿ: ಇಲ್ಲ ಮಾವ, ಡಾಕ್ಟರು ಒಂದ್ಸಲ ನಡೆಸಿ ನೋಡ್ಲಿ. ನಾವು ಆಟೋದಲ್ಲಿ ಹೋಗ್ತೀವಿ.

ಅವಳು ಚೀಲಕ್ಕೆ ಹಾಲಿನ ಬಾಟ್ಲಿ, ಬದಲಿ ಚಡ್ಡಿ ತುಂಬಿ, ಗೇಟು ದಾಟುವಾಗ ಫಕ್ಕನೆ ನಿಂತಳು.

ಹೆಂಡತಿ: ಮಾವ, ಆ ಡಾಕ್ಟರ ಕ್ಲಿನಿಕ್ಕಿಗೆ ನೆಲ ಹಾಕಿದ್ದು ಯಾರು?

ಮಾವ: (ಹೆಮ್ಮೆಯಿಂದ) ನಾನೇ ಕಣಮ್ಮ! ಇಪ್ಪತ್ತು ವರ್ಷ ಆಯ್ತು, ಇವತ್ತಿಗೂ ಒಂದು ಹನಿ ನೀರು ನಿಲ್ಲಲ್ಲ ಅಲ್ಲಿ.

ಅವಳು ಹಿಂದಕ್ಕೆ ಬಂದು, ಕಾರಿನ ಮೇಲಿದ್ದ ರಸಮಟ್ಟವನ್ನೆತ್ತಿ ಹಾಲಿನ ಬಾಟ್ಲಿಯ ಪಕ್ಕ ಚೀಲಕ್ಕೆ ಸೇರಿಸಿದಳು.