ಬಚ್ಚಲ ಗೋಡೆ ಮತ್ತು ನನ್ನ ಮರ್ಯಾದೆ

ಯಾರ ಮನೆಗೆ ಹೋದರೂ ನಾನು ಮೊದಲು ನೆಲ ನೋಡುತ್ತೇನೆ, ಆಮೇಲೆ ಮನೆಯವರ ಮುಖ ನೋಡುತ್ತೇನೆ. ಇದನ್ನು ವಿನಯವೆಂದು ತಿಳಿದು ನನ್ನ ಬಗ್ಗೆ ಒಳ್ಳೆಯ ಮಾತಾಡಿದವರೂ ಇದ್ದಾರೆ. ಹೆಣ್ಣು ನೋಡಲು ಹೋದ ದಿನ ನಮ್ಮ ಮಾವನವರು, "ಹುಡುಗ ಭಾಳ ಸಂಭಾವಿತ ಅದಾನ, ಒಂದ ಸಲಾನೂ ತಲಿ ಎತ್ತಲಿಲ್ಲ" ಎಂದು ಮೆಚ್ಚಿಕೊಂಡಿದ್ದರಂತೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನಾನು ಅವರ ಪಡಸಾಲೆಯ ಮೂಲೆಯಲ್ಲಿದ್ದ ಹಳದಿ ಕಲೆ ಅರಿಷಿಣದ್ದೋ ತುಕ್ಕಿನದ್ದೋ ಎಂಬ ಚಿಂತೆಯಲ್ಲಿದ್ದೆ. ಚಹಾ ಕೊಟ್ಟವರು ಯಾರು ಎಂಬುದೂ ನೆನಪಿಲ್ಲ. ಈ ಸಂಗತಿಯನ್ನು ಹೆಂಡತಿಗೆ ಮದುವೆಯಾದ ಐದು ವರ್ಷಗಳ ನಂತರ ಹೇಳಿದೆ. ಆಗಲೂ ಹೇಳಬಾರದಿತ್ತು.

ನಾನು ಹೀಗಾಗಲು ನನ್ನ ನೌಕರಿಯೇ ಕಾರಣ. ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನೆಲ, ಗಾಜು, ಟೈಲ್ಸು, ಯಂತ್ರಗಳ ಜಿಡ್ಡು ಇವನ್ನೆಲ್ಲ ತೊಳೆಯುವ ದ್ರಾವಣಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ. ಅಲ್ಲಿ ಯಾವುದಕ್ಕೆ ಏನನ್ನು ಎಷ್ಟು ಬೆರೆಸಬೇಕು ಎಂದು ತೀರ್ಮಾನಿಸುವ ಕೆಮಿಸ್ಟ್ ನಾನು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ನೆಂಟರ ಮಕ್ಕಳು ನನ್ನನ್ನು ‘ಫಿನಾಯಿಲ್ ಕಾಕಾ’ ಎಂದು ಕರೆಯುತ್ತಾರೆ. ನಾನು ಮಾಡುವ ಹದಿನಾರು ಬಗೆಯ ದ್ರಾವಣಗಳಲ್ಲಿ ಫಿನಾಯಿಲ್ ಒಂದೇ ಒಂದು ಎಂದು ತಿಳಿಸಿ ಹೇಳಲು ಹೋಗಿ ಸೋತಿದ್ದೇನೆ. ದೊಡ್ಡವರಿಗೂ ನಮ್ಮ ಶಾಸ್ತ್ರದ ಬಗ್ಗೆ ಇರುವ ಜ್ಞಾನ ಅಷ್ಟರಲ್ಲೇ ಇದೆ. ನೊರೆ ಬಂದರೆ ಕೊಳೆ ಹೋಯಿತು, ಮೂಗಿಗೆ ಬಡಿದರೆ ಕ್ರಿಮಿ ಸತ್ತಿತು, ಇವೆರಡೇ ಅವರ ಸಿದ್ಧಾಂತ. ಒಮ್ಮೆ ಹುಬ್ಬಳ್ಳಿಯ ಒಂದು ಖಾನಾವಳಿಯವರಿಗೆ ನೊರೆಯೇ ಬರದ, ಆದರೆ ಜಿಡ್ಡನ್ನು ಬುಡಸಮೇತ ಎತ್ತುವ ದ್ರಾವಣವೊಂದನ್ನು ಮಾಡಿ ಒಯ್ದಿದ್ದೆ. ಅವರೆದುರೇ ನೆಲ ತೊಳೆದು ಕನ್ನಡಿ ಮಾಡಿ ತೋರಿಸಿದೆ. ಮಾಲೀಕರು ನೆಲ ನೋಡಿದರು, ಬಕೆಟ್ ನೋಡಿದರು, ಕೊನೆಗೆ ನನ್ನನ್ನು ನೋಡಿ, "ಸ್ವಚ್ಛ ಏನೋ ಆತ್ರಿ, ಖರೆ ನೊರೀನ ಇಲ್ಲಲ್ರಿ. ತೊಳದಂಗ ಅನಸೂದಿಲ್ಲ" ಎಂದರು. ಮರುವಾರ ಅದರಲ್ಲೇ ಒಂದು ಚಮಚ ನೊರೆ ಬರುವ ಸಾಮಾನು ಬೆರೆಸಿ, ಗುಲಾಬಿ ಬಣ್ಣ ಹಾಕಿ ಒಯ್ದೆ. ಈಗಲೂ ಅವರು ಅದನ್ನೇ ಬಳಸುತ್ತಾರೆ, ಮೊದಲಿನದು ಬರೀ ನೀರಾಗಿತ್ತು ಎಂದು ಎಲ್ಲರಿಗೂ ಹೇಳುತ್ತಾರೆ.

ಹೊರಗಿನವರ ಮಾತು ಬಿಡಿ. ಬೈರಿದೇವರಕೊಪ್ಪದ ನನ್ನ ಸ್ವಂತ ಮನೆಯಲ್ಲೇ ನನ್ನ ವಿದ್ಯೆಗೆ ಕಿಮ್ಮತ್ತಿರಲಿಲ್ಲ. ಹೆಂಡತಿ ಸುನಂದಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬಟ್ಟೆಗೆ ತರುವ ಸೋಪಿನ ಪುಡಿಯಿಂದಲೇ ನೆಲ, ಒಲೆ, ಬಚ್ಚಲು, ಒಮ್ಮೊಮ್ಮೆ ನನ್ನ ಸ್ಕೂಟರನ್ನೂ ತೊಳೆಯುತ್ತಾಳೆ. ನಮ್ಮ ಅವ್ವನಿಗೆ ಹುಣಸೆಹಣ್ಣು ಮತ್ತು ಬೂದಿಯ ಮೇಲಲ್ಲದೆ ಬೇರೆ ಯಾವುದರ ಮೇಲೂ ನಂಬಿಕೆಯಿಲ್ಲ. ನಾನು ಕಾರ್ಖಾನೆಯಿಂದ ತಂದ ಬಾಟಲಿಗಳು ಅಟ್ಟದ ಮೇಲೆ ಹಬ್ಬದ ಪಾತ್ರೆಗಳ ಜೊತೆ ಕೂತಿದ್ದವು.

ಹೀಗಿರುವಾಗ ಬಚ್ಚಲುಮನೆಯ ಗೋಡೆಯ ಪ್ರಕರಣ ಶುರುವಾಯಿತು. ಬಚ್ಚಲಿನ ಒಂದು ಗೋಡೆಯ ಟೈಲ್ಸಿನ ಮೇಲೆ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಕಂದು ಬಣ್ಣದ ಒಂದು ದೊಡ್ಡ ಕಲೆ ವರ್ಷಗಳಿಂದ ಬೆಳೆಯುತ್ತ ಬಂದಿತ್ತು. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಚಹಾದ ಪಾತ್ರೆಯೊಳಗೂ ಸುಣ್ಣ ಕಟ್ಟುತ್ತದೆ. ಹಾಗಾಗಿ ಕೇಳಿದವರಿಗೆಲ್ಲ ನಾನು ಇದು ನೀರಿನ ತಪ್ಪು ಎಂದು ಹೇಳಿ ಮುಗಿಸುತ್ತಿದ್ದೆ. ಒಂದು ದಿನ ಸುನಂದಾಳ ಶಾಲೆಯ ಟೀಚರೊಬ್ಬರು ಅರಿಷಿಣ ಕುಂಕುಮಕ್ಕೆ ಬಂದವರು ಕಾಲು ತೊಳೆಯಲು ಬಚ್ಚಲಿಗೆ ಹೋದರು. ಹೊರಗೆ ಬಂದು ಕಾಲು ಒರೆಸಿಕೊಳ್ಳುತ್ತ, "ಟೀಚರ್, ನಿಮ್ಮ ಯಜಮಾನ್ರು ಯಾವ ಕಂಪನ್ಯಾಗ ಇದ್ದಾರಂದ್ರಿ?" ಎಂದು ಕೇಳಿದರು. ಕೇಳಿದ್ದು ಅಷ್ಟೇ. ಮುಖದಲ್ಲಿ ನಗುವೂ ಇರಲಿಲ್ಲ.

ಆ ಸಂಜೆ ನಾನು ಮನೆಗೆ ಬಂದಾಗ ಗೌಂಡಿ ಬಸವರಾಜ ಬಚ್ಚಲಿನಲ್ಲಿ ಟೇಪು ಹಿಡಿದು ನಿಂತಿದ್ದ. ಸುನಂದಾ ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಈ ಗ್ವಾಡಿ ಟೈಲ್ಸ್ ಎಲ್ಲಾ ಒಡದು ಹೊಸಾವು ಹಾಕಸೋದು. ಬರೂ ಸೋಮವಾರ ಕೆಲಸ ಚಾಲೂ" ಎಂದಳು. ಇಪ್ಪತ್ತೆರಡು ವರ್ಷ ಊರವರ ಕೊಳೆ ತೆಗೆಸಿದವನ ಮನೆಯಲ್ಲಿ ಕೊಳೆಗೆ ಹೆದರಿ ಟೈಲ್ಸ್ ಒಡೆಯುವುದೆಂದರೇನು? ನಾಳೆ ಬಸವರಾಜ ಇದನ್ನು ಹತ್ತು ಮನೆಯಲ್ಲಿ ಹೇಳುತ್ತಾನೆ. ಕಾರ್ಖಾನೆಗೆ ಸುದ್ದಿ ಹೋದರೆ ನಾನು ತಲೆ ಎತ್ತಿ ಓಡಾಡುವುದು ಹೇಗೆ? "ಏ ಸುನಂದಾ, ಸೋಮವಾರದ ತನಕ ನನಗ ಬಿಡು. ಅಷ್ಟರಾಗ ಗ್ವಾಡಿ ಬೆಳ್ಳಗಾಗದಿದ್ರ ನಾನ ಸುತಗಿ ಹಿಡದು ಮೊದಲನೇ ಏಟು ಹಾಕತೇನಿ" ಎಂದು ಪಣ ತೊಟ್ಟೆ. ಬಸವರಾಜ ಟೇಪು ಮಡಚುತ್ತ, "ಸುತಗಿ ನಾ ತರ್ತೇನಿ ಬಿಡ್ರಿ ಸಾಹೇಬ್ರ" ಎಂದ.

ಮಂಗಳವಾರ ಸುಣ್ಣ ಕರಗಿಸುವ ನಮ್ಮ ಆಮ್ಲದ ದ್ರಾವಣವನ್ನು ತಂದು ಹಚ್ಚಿದೆ. ಅಕ್ಕಪಕ್ಕದ ಬಿಳಿ ಗೆರೆಗಳೆಲ್ಲ ಜೊಯ್ ಎಂದು ಕರಗಿ ಹೋದವು, ನಡುವಿನ ಕಲೆ ಮಾತ್ರ ಹಾಗೇ ಕೂತಿತ್ತು. ಬುಧವಾರ ಅದನ್ನೇ ಖಡಕ್ ಮಾಡಿ ತಂದೆ. ಗುರುವಾರ ಗೋಡೆಯಿಂದ ಜಾರದ ಹಾಗೆ ಗಂಜಿಯಷ್ಟು ಗಟ್ಟಿಯಾಗಿಸಿ ಬಳಿದು, ಅರ್ಧ ಗಂಟೆ ಗಡಿಯಾರ ಹಿಡಿದು ಕೂತೆ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು, ಮೈಮೇಲೆ ಪ್ಲಾಸ್ಟಿಕ್ಕಿನ ಏಪ್ರನ್ನು. ನನ್ನ ವೇಷ ನೋಡಿ ಹಾಲಿನವನು ಒಳಗೆ ಯಾರಿಗಾದರೂ ಆರಾಮಿಲ್ಲವೇ ಎಂದು ಅವ್ವನನ್ನು ವಿಚಾರಿಸಿದನಂತೆ. ಕಲೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಸುನಂದಾ ದಿನಾ ಸಂಜೆ ಉತ್ತರ ಪತ್ರಿಕೆ ನೋಡುವಂತೆ ಗೋಡೆ ನೋಡುತ್ತಿದ್ದಳು. ಗುರುವಾರ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಉತ್ತರ ತಪ್ಪದ. ವಿಧಾನ ನೋಡಿ ಎರಡ ಮಾರ್ಕ್ಸ್ ಕೊಡಬಹುದು" ಎಂದಳು. ಶುಕ್ರವಾರ ಆ ಎರಡನ್ನೂ ಕಿತ್ತುಕೊಂಡಳು. ಅವ್ವ ಕಟ್ಟೆಯ ಮೇಲೆ ಕೂತು, "ಏನ ಮಾಡಾಕತ್ತೀಯೋ ನಾಕ ದಿನದಿಂದ? ಬೂದಿ ಹಚ್ಚಿ ತಿಕ್ಕಬಾರದೇನ?" ಎಂದಳು. "ಅವ್ವ, ಇದು ವಿಜ್ಞಾನದ ಮಾತು. ಬೂದಿಯಿಂದ ಆಗೂವಂಥಾದ್ದಲ್ಲ" ಎಂದು ನಾನು ದೊಡ್ಡ ಮನುಷ್ಯನಂತೆ ನಕ್ಕೆ. ಆ ನಗುವನ್ನು ಈಗ ನೆನೆಸಿಕೊಂಡರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಭಾನುವಾರ ಬಂತು. ನಮ್ಮ ಮನೆಯಲ್ಲಿ ಭಾನುವಾರ ನನಗೆ ಎಣ್ಣೆ ಹಚ್ಚಿ ಎರೆಯುವ ದಿನ. ಪ್ರಪಂಚ ಮುಳುಗಿದರೂ ಇದು ತಪ್ಪುವುದಿಲ್ಲ. ಐವತ್ತರ ಹತ್ತಿರ ಬಂದ ಮಗನ ನೆತ್ತಿಗೆ ಕೈತುಂಬ ಎಣ್ಣೆ ಬಡಿದು, ಬೆನ್ನಿಗೆಲ್ಲ ತಿಕ್ಕಿ, "ಅರ್ಧಾ ತಾಸು ಹಂಗ ಕೂಡು, ಮೈಯಾಗ ಇಳೀಲಿ" ಎಂದು ಬಚ್ಚಲಿನ ಮಣೆಯ ಮೇಲೆ ಕೂರಿಸಿದರೇ ಅವ್ವನಿಗೆ ಸಮಾಧಾನ. ನಾನು ಪೇಪರ್ ಹಿಡಿದು ಗೋಡೆಗೆ ಒರಗಿ ಕೂರುತ್ತೇನೆ. ಈ ಮನೆ ಕಟ್ಟಿಸಿದ ಹದಿನಾಲ್ಕು ವರ್ಷಗಳಿಂದ ವಾರದ ಪರಮಸುಖ ಅದು. ಆ ದಿನ ಮಾತ್ರ ಪೇಪರಿನ ಮೇಲೆ ಮನಸ್ಸಿರಲಿಲ್ಲ. ಬೆಳಗಾದರೆ ಸುತ್ತಿಗೆ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ನಿಟ್ಟುಸಿರು ಬಿಡುತ್ತ ಹಿಂದಕ್ಕೆ ಒರಗಿದೆ. ಬೆನ್ನು ಗೋಡೆಯ ಮೇಲೆ ಸರ್ರನೆ ಜಾರಿತು. ಮಣೆಯ ಸಮೇತ ಅಂಗಾತ ಬೀಳುವುದರಲ್ಲಿದ್ದೆ, ನಲ್ಲಿ ಹಿಡಿದುಕೊಂಡು ಬಚಾವಾದೆ.

ನಲ್ಲಿ ಹಿಡಿದುಕೊಂಡಂತೆಯೇ ಎಲ್ಲ ತಿಳಿಯಿತು. ಅಯ್ಯೋ ಹುಚ್ಚಪ್ಪಾ, ಇದು ಬರೀ ಸುಣ್ಣವಲ್ಲ! ಎಣ್ಣೆ! ವಾರ ವಾರವೂ ಗೋಡೆಗೆ ಅಂಟಿದ ಎಣ್ಣೆ, ಅದರ ಮೇಲೆ ಸೋಪಿನ ಪುಡಿ, ಅದರ ಮೇಲೆ ನೀರಿನ ಸುಣ್ಣ, ಮತ್ತೆ ಎಣ್ಣೆ, ಹೀಗೆ ಪದರ ಪದರವಾಗಿ ಹದಿನಾಲ್ಕು ವರ್ಷ ಒಣಗಿ ಕೂತಿತ್ತು. ಎಣ್ಣೆ ಹಚ್ಚಿದ ತಲೆಯ ಮೇಲೆ ನೀರು ಸುರಿದ ಹಾಗೆ ನನ್ನ ಆಮ್ಲವೆಲ್ಲ ಮೇಲಿನಿಂದಲೇ ಜಾರಿ ಹೋಗುತ್ತಿತ್ತು. ಮೊದಲು ಕ್ಷಾರದಿಂದ ಜಿಡ್ಡು ತೆಗೆಯಬೇಕು, ಆಮೇಲೆ ಆಮ್ಲದಿಂದ ಸುಣ್ಣ. ಇದು ನಮ್ಮ ಶಾಸ್ತ್ರದ ಮೊದಲನೇ ಪಾಠ. ಕೊಳೆ ಯಾವುದೆಂದು ನೋಡದೆ ಕ್ಯಾನಿಗೆ ಕೈ ಹಾಕಬೇಡಿರಿ ಎಂದು ಗಿರಾಕಿಗಳಿಗೆಲ್ಲ ಉಪದೇಶ ಮಾಡುವವನು ನಾನೇ.

ಕಾರ್ಖಾನೆಯಲ್ಲಿ ಯಂತ್ರಗಳ ಕೆಳಗಿನ ಜಿಡ್ಡು ತೆಗೆಯಲು ಮಾಡುವ ಕ್ಷಾರದ ದ್ರಾವಣವಿತ್ತು. ತಡಮಾಡಲು ಮನಸ್ಸು ಬರಲಿಲ್ಲ. ಮೈಮೇಲೊಂದು ಹಳೇ ಶರ್ಟು ಎಳೆದುಕೊಂಡು, ಎಣ್ಣೆ ತಲೆಯ ಮೇಲೆ ಹೆಲ್ಮೆಟ್ ಒತ್ತಿಕೊಂಡು ಸ್ಕೂಟರ್ ಹತ್ತಿದೆ. "ಎರಕೊಳ್ಳದ ಎಲ್ಲಿ ಹೊಂಟ್ಯೋ?" ಎಂದು ಅವ್ವ ಕೂಗಿದ್ದು ಕೇಳಿಸಿತು. ರಾಯಾಪುರ ದಾಟುವಷ್ಟರಲ್ಲಿ ಎಣ್ಣೆ ಹೆಲ್ಮೆಟ್ಟಿನಿಂದ ಕಿವಿ, ಗಲ್ಲದ ಮೇಲೆ ಇಳಿದಿತ್ತು. ಹೆದ್ದಾರಿಯ ಧೂಳೆಲ್ಲ ನನ್ನನ್ನೇ ಹುಡುಕಿಕೊಂಡು ಬಂದು ಮುಖಕ್ಕೆ ಮೆತ್ತಿತು. ಲಕಮನಹಳ್ಳಿಯ ಗೇಟಿನಲ್ಲಿ ವಾಚ್‌ಮನ್ ಫಕೀರಪ್ಪ ನನ್ನನ್ನು ತಡೆದು, "ಯಾರ್ ಬೇಕಾಗಿತ್ರಿ? ಇವತ್ತ ಸೂಟಿ ಅದ" ಎಂದ. "ನಾನೋ ಫಕೀರಪ್ಪಾ!" ಎಂದು ಹೆಲ್ಮೆಟ್ ತೆಗೆದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಯವ್ವಾ! ಸರ, ಏನಾತ್ರಿ, ಗಟಾರದಾಗ ಬಿದ್ರೇನ್ರಿ?" ಎಂದು ಗಾಬರಿಯಾದ. ಅವನಿಗೆ ವಿವರಿಸಲು ವ್ಯವಧಾನವಿರಲಿಲ್ಲ. ಒಂದು ಕ್ಯಾನು ತುಂಬಿಸಿಕೊಂಡು, ರಿಜಿಸ್ಟರಿನಲ್ಲಿ ಎಣ್ಣೆಯ ಬೆರಳಚ್ಚಿನ ಸಮೇತ ಸಹಿ ಮಾಡಿ, ಬಂದ ದಾರಿಯಲ್ಲೇ ವಾಪಸಾದೆ.

ಆಮೇಲೆ ನಡೆದದ್ದನ್ನು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ಗ್ಲೌಸು ಹಾಕಿಕೊಂಡು ದ್ರಾವಣ ಬಳಿದೆ. ಹತ್ತು ನಿಮಿಷ ಬಿಟ್ಟೆ. ಬ್ರಷ್ಷಿನಿಂದ ಒಂದು ಸಲ ಎಳೆದದ್ದೇ ತಡ, ಹದಿನಾಲ್ಕು ವರ್ಷದ ಜಿಡ್ಡು ಕರಗಿದ ಬೆಲ್ಲದಂತೆ ಕಂದು ಕಂದಾಗಿ ಇಳಿಯತೊಡಗಿತು! ತಂಬಿಗೆ ತಂಬಿಗೆ ನೀರು ಸುರಿದು ತೊಳೆದೆ. ಇವೆರಡೂ ದ್ರಾವಣ ಒಂದಕ್ಕೊಂದು ತಾಗಬಾರದು, ನಡುವೆ ನೀರು ಧಾರಾಳವಾಗಿ ಹಾಕಬೇಕು. ಎಲ್ಲ ಇಳಿದ ಮೇಲೆ ಆಮ್ಲ ಹಚ್ಚಿದೆ. ಉಳಿದ ಸುಣ್ಣ ಬುಸುಗುಟ್ಟಿ ಹೋಯಿತು. ಕೊನೆಯ ಬಕೆಟ್ ನೀರು ಎರಚಿದಾಗ ಬಿಳೀ ಟೈಲ್ಸಿನ ಮೇಲೆ ಸಣ್ಣ ಸಣ್ಣ ನೀಲಿ ಹೂಗಳು ಎದ್ದು ಬಂದವು. ಅಲ್ಲಿ ಹೂಗಳಿವೆ ಎಂಬುದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. "ಗೆದ್ದೆ! ಸುನಂದಾ, ಲಗೂ ಬಾ! ಗೆದ್ದೆ!" ಎಂದು ಕೂಗಿದೆ.

ಅತ್ತೆ ಸೊಸೆ ಇಬ್ಬರೂ ಓಡಿ ಬಂದರು. ಅವ್ವ ಹೂಗಳ ಮೇಲೆ ಬೆರಳಾಡಿಸಿ, "ಹೌದಲ್ಲೋ, ಇವನ್ನ ನಾನ ಆರಿಸಿದ್ದೆ!" ಎಂದಳು. ಹಚ್ಚಿದ್ದು ಏನೆಂದು ಕೇಳಿದಳು. ಕ್ಷಾರ ಎಂದರೇನೆಂದು ತಿಳಿಸಲು ಹೋಗಿ, ಬೂದಿಯಲ್ಲೂ ಅದೇ ಇರುತ್ತದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವ್ವ ಸೊಸೆಯ ಮುಖ ನೋಡಿದಳು, ಸೊಸೆ ನನ್ನ ಮುಖ ನೋಡಿದಳು. ಆದರೂ ಸುನಂದಾ ಉದಾರಿ. ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ನೂರಕ್ಕ ನೂರು. ಛಲೋ ಮಾಡೀರಿ, ಖರೇನ ಛಲೋ ಮಾಡೀರಿ" ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ನೂರು ಬಂದದ್ದು ಇದೇ ಮೊದಲು. ನನಗೆ ಕಣ್ಣಲ್ಲಿ ನೀರೇ ಬಂತು. ಸ್ವಲ್ಪ ಎಣ್ಣೆಯೂ ಹೋಗಿತ್ತೆನ್ನಿ.

ಆಗಲೇ ಅವಳು, "ಅಲ್ರಿ, ಈ ಗ್ವಾಡಿಗೆ ಇಷ್ಟ ಎಣ್ಣಿ ಎಲ್ಲಿಂದ ಬಂತು?" ಎಂದು ಕೇಳಿದಳು. ಗೆದ್ದ ಅಮಲಿನಲ್ಲಿದ್ದವನಿಗೆ ಸುಳ್ಳು ಸಲೀಸಾಗಿ ಬರುತ್ತದೆ. "ಅಡಗಿಮನಿ ಬಾಜೂಕನ ಅದಲ್ಲ. ನೀ ಒಗ್ಗರಣಿ ಹಾಕಿದಾಗ ಹೊಗಿ ಬಂದು ಇಲ್ಲಿ ಕೂಡತದ. ಇನ್ನ ಮ್ಯಾಲೆ ಎಣ್ಣಿ ಸ್ವಲ್ಪ ಕಡಿಮಿ ಹಾಕು" ಎಂದೆ. ಪಾಪ, ಅವಳು ನಂಬಿದಳು. ಅಡುಗೆಮನೆಯ ಬಾಗಿಲಿಗೆ ಪರದೆ ಹಾಕಿಸಬೇಕು ಎಂದೂ ಅಂದಳು.

ಸೋಮವಾರ ಬೆಳಿಗ್ಗೆ ಬಸವರಾಜ ಸುತ್ತಿಗೆ, ಉಳಿ, ಸಿಮೆಂಟಿನ ಬುಟ್ಟಿಯೊಂದಿಗೆ ಬಂದ. ನಾನು ಕಾರ್ಖಾನೆಗೆ ತಡವಾದರೂ ಆಗಲಿ ಎಂದು ಕಾದು ಕೂತಿದ್ದೆ. ಬಚ್ಚಲಿಗೆ ಕಾಲಿಟ್ಟವನು ನಾಲ್ಕೂ ಗೋಡೆಗಳನ್ನು ಒಂದೊಂದಾಗಿ ನೋಡಿ, ಬಾಗಿಲಲ್ಲಿ ನಿಂತಿದ್ದ ಅತ್ತೆ ಸೊಸೆಯ ಕಡೆ ತಿರುಗಿ, "ಅಕ್ಕಾರ, ಒಡೂದು ಯಾವ್ದರಿ?" ಎಂದ. ಆ ಮಾತು ಕೇಳಿ ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಕ್ಷಾರ, ಆಮ್ಲ, ಪದರಗಳು, ಒಗ್ಗರಣೆಯ ಹೊಗೆ, ಎಲ್ಲವನ್ನೂ ಅವನಿಗೆ ಸವಿಸ್ತಾರವಾಗಿ ವಿವರಿಸಿದೆ. ಅವನು ಹೂಗಳ ಮೇಲೆ ಕೈಯಾಡಿಸುತ್ತ, "ಸಾಹೇಬ್ರ, ಇಂಥಾದ್ದನ್ನ ಭಾಳ ಮಂದಿಗೆ ಕೊಡಬ್ಯಾಡ್ರಿ. ನಮ್ಮ ಹೊಟ್ಟಿ ಮ್ಯಾಲೆ ಹೊಡದಂಗ ಆಗತದ" ಎಂದ. ಒಬ್ಬ ಕೆಮಿಸ್ಟನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಡ.

ಅವನು ಅಷ್ಟಕ್ಕೇ ಹೋಗಿದ್ದರೆ ಚೆನ್ನಾಗಿತ್ತು. ಅಳತೆ ತೆಗೆದ ದಿನ ಮೊಬೈಲಿನಲ್ಲಿ ಗೋಡೆಯ ಫೋಟೋ ಹೊಡೆದುಕೊಂಡಿದ್ದನಂತೆ. ಮೊದಲು ಹೇಗಿತ್ತು ಎಂದು ತೋರಿಸಲು ಅದನ್ನು ತೆಗೆದ. ಕಲೆಯ ಚಿತ್ರವನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಹುಬ್ಬು ಗಂಟಿಕ್ಕಿ, "ಸಾಹೇಬ್ರ, ಸಿಟ್ಟಿಗೇಳಬ್ಯಾಡ್ರಿ. ಸ್ವಲ್ಪ ಆ ಕಡೆ ತಿರುಗ್ರಿ" ಎಂದ. ಪ್ರಶಸ್ತಿ ಕೊಟ್ಟವನ ಮಾತು ತೆಗೆದುಹಾಕುವುದು ಹೇಗೆ? ಗೋಡೆಯ ಕಡೆ ತಿರುಗಿ ನಿಂತೆ. ಹಿಂದಿನಿಂದ ಅವನು ಮೊಬೈಲನ್ನು ನನ್ನ ಬೆನ್ನಿನ ಹತ್ತಿರ ಹಿಡಿದದ್ದು ಗೊತ್ತಾಯಿತು. "ನೋಡ್ರಿ ಅಕ್ಕಾರ, ಹೆಗಲ ಎರಡು, ನಡುವ ಕುತಗಿ, ಮ್ಯಾಲೆ ತಲಿ. ಎಡಗಡೆ ಹೆಗಲ ಸ್ವಲ್ಪ ಇಳಕಲ. ಬರೊಬ್ಬರಿ ಕೂಡತದ" ಎಂದ ಬಸವರಾಜ. "ಅಯ್ಯ, ನನ್ನ ಮಗಂದ ಬೆನ್ನು!" ಎಂದಳು ಅವ್ವ. "ಒಗ್ಗರಣಿ ಹೊಗಿಗೆ ಹೆಗಲೂ ಇರ್ತಾವೇನ್ರಿ?" ಎಂದಳು ಸುನಂದಾ. ಮೂವರೂ ಬಿದ್ದು ಬಿದ್ದು ನಗತೊಡಗಿದರು. ತಿರುಗಿ ನೋಡುವ ಧೈರ್ಯ ಬರಲಿಲ್ಲ, ಗೋಡೆಗೇ ಮುಖ ಮಾಡಿಕೊಂಡು ನಿಂತಿದ್ದೆ. ನಾನು ತೊಳೆದದ್ದು ಅದೆಷ್ಟು ಸ್ವಚ್ಛವಾಗಿತ್ತೆಂದರೆ, ಆ ನೀಲಿ ಹೂಗಳ ನಡುವೆ ನನ್ನ ಪೆಚ್ಚು ಮುಖ ಮೀಸೆ ಸಮೇತ ಸ್ಪಷ್ಟವಾಗಿ ಕಾಣುತ್ತಿತ್ತು.